ತಳ್ಳಿಹಾಕಿದ ಆಕಾಶವನ್ನು ಆಯುವ ಶೇವಂತಾ

ಬೆಳಗಿನ ಆರೂವರೆ. ಕಲಬುರಗಿಯ ಕಾಲೇಜೊಂದರ ಕಂಪ್ಯೂಟರ್ ಕೋಣೆ. ಪರದೆಯ ಮೇಲೆ ಬಿಸಿಲು ಬೀಳದಂತೆ ಕಿಟಕಿಗೆ ಹಳೆಯ ಸೀರೆ ಕಟ್ಟಿ ಶೇವಂತಾ ಕೂತಿದ್ದಾರೆ. ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದವರು, ಇನ್ನೂ ಚಹಾ ಕಂಡಿಲ್ಲ. ಹತ್ತಕ್ಕೆ ವಿದ್ಯಾರ್ಥಿಗಳು ಬಂದರೆ ಜಾಗ ಬಿಡಬೇಕು. ಅಷ್ಟರೊಳಗೆ ಮುನ್ನೂರು ಚಿತ್ರ ನೋಡಿ ಮುಗಿಸಲೇಬೇಕೆಂಬ ಹಟ.

ಚಿತ್ರಗಳೆಂದರೆ ಬೂದು ಬಣ್ಣದ ಮಸುಕು ಕಲೆಗಳು, ದೂರದ ಗೆಲಕ್ಸಿಗಳಿಂದ ಬಂದ ರೇಡಿಯೊ ಅಲೆಗಳ ಗುರುತು. ಅಂಥ ಗೆಲಕ್ಸಿಯ ನಡುವೆ ದೈತ್ಯ ಕಪ್ಪುಕುಳಿಯೊಂದು ಇರುತ್ತದೆ. ಅದು ಸುತ್ತಲಿನ ಅನಿಲವನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಇದನ್ನು ವಿವರಿಸಲು ಶೇವಂತಾ ಪುಸ್ತಕ ತೆರೆಯುವುದಿಲ್ಲ. “ಬಾಯಿಗಿ ಬಂದಿದ್ದೆಲ್ಲಾ ಅದು ನುಂಗಂಗಿಲ್ರಿ. ಜರಾ ಎರಡೂ ಕಡಿ ಉಗುಳ್ತದ. ಆ ಉಗುಳಿದ್ದು ಲಕ್ಷಗಟ್ಟಲೆ ವರ್ಷ ಓಡಿ, ಆಕಡಿ ಈಕಡಿ ಮೋಡ ಆಗಿ ನಿಂದರ್ತದ. ನಾ ಹುಡುಕೂದು ಅದನ್ನ.”

ವಯಸ್ಸು ನಲವತ್ತಾರು. ಓದು ಹತ್ತನೇ ಇಯತ್ತೆ. ಹತ್ತೊಂಬತ್ತು ವರ್ಷ ದಾಲ್‌ಮಿಲ್ಲಿನಲ್ಲಿ ತೊಗರಿಬೇಳೆ ಆರಿಸಿದ ಕಣ್ಣು. ಬಣ್ಣ ನೋಡಿ ಬೇಳೆ ಬೇರ್ಪಡಿಸುವ ಯಂತ್ರ ಬಂತು ನೋಡಿ, ಒಂದೇ ಶನಿವಾರ ನಲವತ್ತು ಹೆಂಗಸರು ಮನೆಗೆ. “ಬಾಗಲ್ದಾಗೇ ನಿಂದರ್ಸಿ ಹೇಳಿದ್ರು. ಒಳಗ ಸೈತ ಕರೀಲಿಲ್ಲ” ಎನ್ನುತ್ತಾರೆ.

ಆಮೇಲೆ ಈ ಕಾಲೇಜಿನ ಕಸ ಗುಡಿಸಲು ಸೇರಿದರು. ಭೌತಶಾಸ್ತ್ರದ ಉಪನ್ಯಾಸಕಿ ಸುಮಂಗಲಾ ಒಂದು ದಿನ ತಮಾಷೆಗೆಂಬಂತೆ, ಗೆಲಕ್ಸಿಗಳ ಪಟ್ಟಿ ಮಾಡುವ ತಮ್ಮ ಯೋಜನೆಯ ನಾಲ್ಕು ಚಿತ್ರ ತೋರಿಸಿದರು. ನಾಲ್ಕರಲ್ಲೂ ಶೇವಂತಾರ ಬೆರಳು ಸರಿಯಾದ ಜಾಗದಲ್ಲೇ ನಿಂತಿತು. ಅಲ್ಲಿಂದ ನಾಲ್ಕು ವರ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಚಿತ್ರ ಗುರುತಿಸಿದ್ದಾರೆ. ಆ ಗುರುತುಗಳನ್ನೇ ಉಣಿಸಿ ಕಂಪ್ಯೂಟರಿಗೆ ಪಾಠ ಹೇಳಿಕೊಟ್ಟದ್ದೂ ಆಯಿತು. ಈಗ ಅದು ಒಂದು ಮಧ್ಯಾಹ್ನದಲ್ಲಿ ಎಲ್ಲ ಮುಗಿಸುತ್ತದೆ. ಕಲಿಸಿದವರನ್ನೇ ಮನೆಗೆ ಕಳಿಸುವ ಇಂಥ ಶಿಷ್ಯ ಯಾರಿಗೂ ಬೇಡಪ್ಪ!

ಆ ಶಿಷ್ಯ ಕೆಲಸಕ್ಕೆ ಬಾರದ್ದೆಂದು ಒಂದಷ್ಟು ಚಿತ್ರಗಳನ್ನು ತಳ್ಳಿಹಾಕಿದೆ. ಶೇವಂತಾರಿಗೆ ಮಾತ್ರ ನಂಬಿಕೆಯಿಲ್ಲ. ಮಿಲ್ಲಿನಲ್ಲಿ ಆರಿಸಿ ಬಿಟ್ಟ ರಾಶಿಯನ್ನು ಸಂಜೆ ಹೆಂಗಸರೇ ಮನೆಗೆ ಒಯ್ಯಬಹುದಿತ್ತು. ಅದರಲ್ಲಿ ಒಳ್ಳೆಯ ಬೇಳೆ ಹುಡುಕಿ ಅಭ್ಯಾಸವಾದವರು ಅವರು. ಇಲ್ಲೂ ಹಾಗೇ ಹುಡುಕಿದಾಗ ಹನ್ನೊಂದು ಗೆಲಕ್ಸಿ ಸಿಕ್ಕವು. ಅವುಗಳಲ್ಲಿ ಎಳೆದುಕೊಳ್ಳಲು ಏನೂ ಸಿಗದೆ ಕಪ್ಪುಕುಳಿ ಸುಮ್ಮನಾಗಿದೆ, ಚಿಮ್ಮುವುದು ನಿಂತಿದೆ, ಎರಡು ಮೋಡಗಳಷ್ಟೇ ಮೆಲ್ಲಗೆ ಕಂದುತ್ತಿವೆ. ಕಪ್ಪುಕುಳಿ ಚಿಮ್ಮುವಾಗ ನಡುವೆ ಹೊಳೆಯುವ ಚುಕ್ಕಿ ಕಾಣದ್ದಕ್ಕೆ ಯಂತ್ರ ಅವನ್ನು ಬಿಟ್ಟಿತ್ತು.

“ಮೊದಲ ನಾನೇ ಬೈದಿದ್ದೆ, ‘ಶೇವಂತಾಬಾಯಿ, ಅದು ಬರೀ ಕಸ ಅದ, ಬಿಡ್ರಿ’ ಅಂತ” ಎನ್ನುತ್ತಾರೆ ಸುಮಂಗಲಾ. “ಬ್ಯಾರೆ ದೂರದರ್ಶಕದ ಚಿತ್ರದ ಸಂಗಡ ಇಟ್ಟು ನೋಡಿದೆ. ಹನ್ನೊಂದೂ ಖರೇ.”

ಈ ತಿಂಗಳ ಮೂವತ್ತಕ್ಕೆ ಯೋಜನೆ ಮುಗಿಯುತ್ತದೆ. ಗೆಲಕ್ಸಿಗಳ ಪಟ್ಟಿಯೂ ಅಂದೇ ಮುಚ್ಚುತ್ತದೆ. ಅದಕ್ಕೆ ಸೇರದ್ದನ್ನು ಮತ್ತೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ಉಳಿದಿರುವುದು ಇಪ್ಪತ್ತು ದಿನ, ಎಂಟು ಸಾವಿರದ ನಾನೂರು ಚಿತ್ರ. ದಿನಕ್ಕೆ ಮುನ್ನೂರರಂತೆ ಎಷ್ಟು ತಿಣುಕಿದರೂ ಎರಡು ಸಾವಿರದ ನಾನೂರು ಹಾಗೇ ಉಳಿಯುತ್ತವೆ. ಮಗಳು ಸೃಷ್ಟಿಯ ಮೊಬೈಲಿನಲ್ಲಿ ನೋಡಲು ಹೋದರು. ಅಷ್ಟು ತೆಳು ಮೋಡ ಅದರಲ್ಲಿ ಕಾಣಲಿಲ್ಲ. ಸಂಜೆಗೂ ಕೋಣೆ ಕೊಡಿ ಎಂದು ಬರೆದ ಅರ್ಜಿಗೆ ಉತ್ತರವಿಲ್ಲ. ಕಣ್ಣು ಸದಾ ನೀರಾಡುತ್ತದೆ.

ಆದಷ್ಟು ಆಯಿತು, ಉಳಿದದ್ದನ್ನು ಬಿಟ್ಟುಬಿಡಬಾರದೇ ಎಂದರೆ ಶೇವಂತಾ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ಚಿತ್ರ ತೆರೆಯುತ್ತಾರೆ.

“ನಾ ನೋಡಿ ಬಿಟ್ಟಿದ್ದು ತಪ್ಪಾದ್ರ, ನನ್ನ ಕಣ್ಣಿಂದು ತಪ್ಪು ಅಂತೀನ್ರಿ. ನೋಡದೇ ಬಿಟ್ಟಿದ್ದಕ್ಕ ಯಾರ ಹೆಸರು ಹೇಳ್ಲಿ?”