ಸಿನಿಮಾ ನೋಡಿ ಅಮ್ಮ ಅವಳಿಗೆ ಹೇಳಿದ್ದು

ಬುಟ್ಟಿಯಲ್ಲಿದ್ದ ಬಂಗುಡೆ ಮೀನುಗಳ ಕಣ್ಣುಗಳು ಕೆಂಪಗಿದ್ದವು. ಮೀನುಗಾರರ ಕುಟುಂಬದ ಕುರಿತಾದ ಆ ಅನಿಮೇಶನ್ ಸಿನಿಮಾದಲ್ಲಿ ತಾಯಿ ಅವನ್ನೇ ತಾಜಾ ಮೀನೆಂದು ಮಾರುತ್ತಿದ್ದಳು; ನಿಜಕ್ಕೆ ಕಣ್ಣು ಕೆಂಪಾದರೆ ಮೀನು ಹಳತಾಗಿದೆ ಎಂದರ್ಥ. ಕಾಲೇಜಿನ ಚಿತ್ರಬಳಗದಲ್ಲಿ ಮಾತಾಡಲು ನಾನು ಇಂಥ ತಪ್ಪುಗಳನ್ನೇ ಹುಡುಕಿಟ್ಟುಕೊಂಡಿದ್ದೆ. ನಾನು ಹೊಳೆಯಾಚೆಯ ಮೀನುಗಾರರ ಊರು ಬೆಂಗ್ರೆಯವಳು, ನಮ್ಮವರನ್ನು ಸರಿಯಾಗಿ ತೋರಿಸಿದ್ದಾರೋ ಇಲ್ಲವೋ ಎಂದು ಹೇಳಬೇಕಾದವಳು ನಾನೇ ಎಂದುಕೊಂಡಿದ್ದೆ.

ಪೇಟೆಯ ಫಳ್ನೀರಿನ ಗೆಳತಿಯೂ ಬಳಗದಲ್ಲಿ ಅದೇ ಸಿನಿಮಾದ ಬಗ್ಗೆ ಮಾತಾಡುವವಳಿದ್ದಳು. ಆದಿತ್ಯವಾರ ಅವಳು ನಮ್ಮ ಮನೆಗೆ ಬಂದು, ಮೀನು ಮಾರಿ ಬಂದಿದ್ದ ಅಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ಸಿನಿಮಾ ತೋರಿಸಿದಳು. ಕಥೆಯ ಹುಡುಗಿ ಅಪ್ಪನ ದೋಣಿ ಹತ್ತಿ ಕಡಲಿಗೆ ಹೋದಾಗ, "ಇಲ್ಲಿ ಹೀಗೆ ಹೋಗ್ತಾರಾ ಆಂಟಿ?" ಎಂದು ಗೆಳತಿ ಕೇಳಿದಳು.

"ಹೆಂಗಸರು ಮೀನು ಹಿಡಿಯುವ ದೋಣಿ ಹತ್ತುವ ಕ್ರಮ ಇಲ್ಲ ಮಗಾ," ಎಂದು ಅಮ್ಮ ನಕ್ಕಳು. "ಸಣ್ಣದಿರುವಾಗ ನಾನೊಮ್ಮೆ ಬಲೆಯ ಅಡಿಯಲ್ಲಿ ಅಡಗಿ ಕೂತಿದ್ದೆ. ಅಪ್ಪ ಕಿವಿ ಹಿಡಿದು ಇಳಿಸಿದ್ರು. ಈಗಲೂ ಆಸೆ ಉಂಟು ಮಾರಾಯ್ತಿ!"

ಚಾ ಸೋಸುತ್ತಿದ್ದ ನನಗೆ ಹೊಟ್ಟೆ ಉರಿಯಿತು. ಹುಟ್ಟಿದಂದಿನಿಂದ ಅಮ್ಮನ ಜೊತೆಗಿರುವ ನನಗೆ ಈ ಕಥೆ ಗೊತ್ತಿರಲಿಲ್ಲ. ಗೆಳತಿಗೆ ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿಬಿಟ್ಟಿತು.

"ನನಗೆ ಯಾಕೆ ಹೇಳ್ಲಿಲ್ಲ?" ಎಂದು ಅಮ್ಮನನ್ನು ಕೇಳಿದೆ, ಗೆಳತಿ ಹೋದ ಮೇಲೆ.

"ಯಾವಾಗ ಹೇಳುದು? ನನ್ನ ಬುಟ್ಟಿ ವಾಸನೆ ಅಂತ ನೀನು ಹೊಳೆ ದಾಟ್ಲಿಕ್ಕೆ ಬೇರೆ ಫೆರಿಯಲ್ಲಿ ಹೋಗ್ತಿ."

ಮರುದಿನ ಬೆಳಿಗ್ಗೆ ನಾನು ಅಮ್ಮನ ಫೆರಿಯನ್ನೇ ಹತ್ತಿದೆ. ಮೀನು ತರಲು ಒಯ್ಯುತ್ತಿದ್ದ ಅವಳ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಗೆಳತಿಗೆ ಹೇಳದ ಕಥೆ ಏನಾದರೂ ಉಳಿದಿದ್ದರೆ ಹೇಳು ಎಂದೆ.