ಹ್ಯಾದರ್ಸೇಜ್ ಗುಡ್ಡದ ಇಳಿಜಾರು

ಧಾರವಾಡದ ರುಮಾನ ಇಂಗ್ಲೆಂಡಿನ ಶೆಫೀಲ್ಡ್‌ನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಬ್ರೂಮ್‌ಹಿಲ್‌ನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ನಾಲ್ಕು ವರ್ಷ ಕಳೆದಿದ್ದಳು. ರಜೆಯ ಭಾನುವಾರಗಳಲ್ಲಿ ರೈಲು ಹತ್ತಿ ಹ್ಯಾದರ್ಸೇಜ್ ಎಂಬ ಹಳ್ಳಿಗೆ ಹೋಗಿ, ಸುತ್ತಲಿನ ಗುಡ್ಡಗಳ ಕಾಲುದಾರಿಗಳಲ್ಲಿ ಸಂಜೆಯವರೆಗೆ ನಡೆಯುತ್ತಿದ್ದಳು.

೨೦೧೬ರ ಅಕ್ಟೋಬರಿನಲ್ಲಿ ಒಮ್ಮೆ, ಮಂಜು ಕವಿದ ಬಂಡೆಗಳ ನಡುವಿನಿಂದ "ಅಯ್ಯೋ, ಅಮ್ಮಾ!" ಎಂಬ ಕೂಗು ಕೇಳಿತು. ಓಡಿಹೋಗಿ ನೋಡಿದರೆ, ಅರವತ್ತು ದಾಟಿದ ಹೆಂಗಸೊಬ್ಬರು ಕಾಲು ಉಳುಕಿ ಕೂತಿದ್ದರು.

"ಹೆದರ್ಬೇಡಿ ಆಂಟಿ, ನಾನು ಡಾಕ್ಟರು."

ಕನ್ನಡ ಕಿವಿಗೆ ಬಿದ್ದದ್ದೇ ಆಕೆ ನೋವು ಮರೆತು ನಕ್ಕರು. ಹೆಸರು ಅಂಬುಜಾ, ನಾಟಿಂಗ್‌ಹ್ಯಾಮ್‌ನವರು. ಮಗಳು ಕೂಸಿನ ಜೊತೆ ಹಳ್ಳಿಯ ಕೆಫೆಯಲ್ಲಿ ಕಾಯುತ್ತಿದ್ದಳು.

ರುಮಾನ ತನ್ನ ಸ್ಕಾರ್ಫಿನಿಂದ ಆ ಕಾಲನ್ನು ಬಿಗಿದು ಕಟ್ಟಿ, ಹೆಗಲು ಕೊಟ್ಟು ಇಳಿಸಿದಳು. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ಅಂಬುಜಾ ಬಾಯ್ತುಂಬ ಮಾತಾಡಿದರು. ದಾರಿ ಇನ್ನಷ್ಟು ಉದ್ದವಿರಬಾರದೇ ಎನ್ನಿಸಿ ರುಮಾನಳಿಗೆ ನಾಚಿಕೆಯಾಯಿತು.

ಮಗಳ ಕಾರು ಹತ್ತುವಾಗ ಅಂಬುಜಾ ಕೇಳಿದರು. "ಒಬ್ಬಳೇ ಇದ್ರೆ ನಮ್ಮನೆಗೇ ಊಟಕ್ಕೆ ಬಾಮ್ಮ. ಮನೇಲಿ ಯಾರಿದ್ದಾರೆ?"

ಅಯ್ಯೋ ಪಾಪ ಎನ್ನಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು. "ಎಲ್ಲರೂ ಇದ್ದಾರೆ ಆಂಟಿ, ಕಾಯ್ತಿರ್ತಾರೆ," ಎಂದುಬಿಟ್ಟಳು.

ಕಾರು ತಿರುವು ದಾಟಿ ಮರೆಯಾದ ಮೇಲೆ, ಯಾಕಾದರೂ ಹಾಗಂದೆನೋ ಎಂದು ತನ್ನನ್ನೇ ಬೈದುಕೊಂಡಳು. ಅವರ ವಿಳಾಸವನ್ನೂ ಕೇಳಿರಲಿಲ್ಲ.