ಶೀನಣ್ಣನ ಕೈ ಮತ್ತು ಬೀರುವಿನ ಬಲ್ಬು

ಮೂರು ದಿನದಿಂದ ನನ್ನ ಹೆಂಡತಿ ಒಂದೇ ಮಾತು ಹೇಳುತ್ತಿದ್ದಳು. "ರೀ, ಸೀರೆ ಬೀರು ಮುಗ್ಗಲು ವಾಸನೆ ಬರ್ತಿದೆ, ಒಂಚೂರು ನೋಡಿ." ನೋಡಿದೆ, ಕೂತಲ್ಲಿಂದಲೇ ಕತ್ತು ತಿರುಗಿಸಿ ನೋಡಿದೆ. ಬಾಗಿಲ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. "ಬಲ್ಬು ಉರೀತಾನೇ ಇದೆಯಲ್ಲೇ. ನೆಗಡಿಯಾಗಿ ನಿನ್ನ ಮೂಗೇ ಕೆಟ್ಟಿರ್ಬೇಕು" ಎಂದು ಪೇಪರಿನಲ್ಲಿ ಮುಖ ಹುದುಗಿಸಿದೆ. ನಾಲ್ಕನೆಯ ದಿನ ಅವಳೇ ಬೀರು ತೆರೆದಳು. ಮದುವೆಯ ರೇಷ್ಮೆ ಸೀರೆ ತಂದು ನನ್ನ ತೊಡೆಯ ಮೇಲಿಟ್ಟು ಅಡುಗೆಮನೆಗೆ ಹೋದಳು. ಸೆರಗಿನ ತುಂಬ ಬೂದು ಬಣ್ಣದ ಬೂಷ್ಟು.

ಹೋದ ತಿಂಗಳು ಬೀರುವಿನ ಹಳೆಯ ಬಲ್ಬು ಹೋದಾಗ ಎಲ್‌ಇಡಿ ತಂದು ಹಾಕಿದವನು ನಾನೇ. ಅದಕ್ಕೆ ಬೆಳಕುಂಟು, ಬಿಸಿಯಿಲ್ಲ. ಕತ್ತಲಲ್ಲಿ ಸೀರೆಗಳಿಗೇನು ಓದುವುದಿತ್ತೇ, ಬೆಳಕು ತಗೊಂಡು ಏನು ಮಾಡಬೇಕು?

ನಮ್ಮ ಮಲೆನಾಡಿನ ಕಡೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ, ಕೊನೆಗೆ ದೇವರ ಪಟದ ಹಿಂದಿನ ರಟ್ಟಿಗೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಪ್ರತಿ ಮನೆಯಲ್ಲೂ ಒಂದು ಬೀರುವಿನೊಳಗೆ ನಲವತ್ತು ಕ್ಯಾಂಡಲ್ಲಿನ, ಅಂದರೆ ನಲವತ್ತು ವ್ಯಾಟಿನ ಬಲ್ಬು, ಮಳೆಯ ತೇವ ಆರಲೆಂದು ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಮನೆಯಲ್ಲಿ ಅತ್ಯಂತ ಬೆಲೆಬಾಳುವುದು ಅದರೊಳಗಿರಬೇಕು ಎಂಬುದು ಬರೆಯದ ಕಾನೂನು. ರೇಷ್ಮೆ ಸೀರೆ, ಕೋವಿಯ ತೋಟಾ, ಕ್ಯಾಮೆರಾ, ಜಮೀನಿನ ಪತ್ರ. ನಮ್ಮಮ್ಮ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೂ ಅಲ್ಲೇ ಇಟ್ಟಿದ್ದರು. ಅದಕ್ಕೆ ಬೂಷ್ಟು ಹಿಡಿದಿದ್ದರೆ ಲೋಕಕ್ಕೇನೂ ನಷ್ಟವಾಗುತ್ತಿರಲಿಲ್ಲ.

ಸರಿ, ಹಳೆಯ ಬಲ್ಬು ಹುಡುಕಿಕೊಂಡು ಮೂಡಿಗೆರೆ ಪೇಟೆಯಲ್ಲಿ ಅಲೆದೆ. ದೊಡ್ಡ ಅಂಗಡಿಯವನು, "ಎಲ್‌ಇಡಿ ತಗಳಿ ಸಾರ್, ಬಿಸಿನೇ ಆಗಲ್ಲ" ಎಂದ. "ಬಿಸಿ ಆಗ್ಲಿ ಅಂತಲೇ ಕೇಳ್ತಿರೋದು ಮಾರಾಯ" ಎಂದರೆ ನನ್ನ ಮುಖವನ್ನೇ ನೋಡಿದ. ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದಿನ ಸಣ್ಣ ಅಂಗಡಿಯ ಮುದುಕರು ಮೇಲಿನ ಹಲಗೆಯಿಂದ ಎರಡು ಬಲ್ಬು ಇಳಿಸಿದರು. ಉರಿಯುತ್ತದೋ ಇಲ್ಲವೋ ಎಂದು ಹೋಲ್ಡರಿಗೆ ಹಾಕಿ ತೋರಿಸಿದರು. ಗಾಜಿನ ಮೇಲಿನ ಧೂಳು ಬಿಸಿಯಾಗಿ ಒಂದು ವಾಸನೆ ಎದ್ದಿತು ನೋಡಿ, ನನಗೆ ಶೀನಣ್ಣನ ನೆನಪು ಬಂತು. ನೆನಪಿನ ಹಿಂದೆಯೇ ನಾಚಿಕೆಯೂ ಬಂತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಚಿಕ್ಕಮಗಳೂರಿನಲ್ಲಿ ಆರು ತಿಂಗಳ ಕೋರ್ಸು ಮುಗಿಸಿ ಬಂದು ಮೂಡಿಗೆರೆಯಲ್ಲಿ ಟೈಲರ್ ಅಂಗಡಿಯ ಮಹಡಿ ಮೇಲೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೆ. ಎಸ್ಟೇಟಿನವರು ನನ್ನನ್ನು 'ಕಂಪ್ಯೂಟರ್ ಡಾಕ್ಟ್ರು' ಎನ್ನುತ್ತಿದ್ದರು. ಮೊದಮೊದಲು ತಮಾಷೆಗೆ ಅಂದಿದ್ದು, ನಾನು ನಿಜವೆಂದೇ ನಂಬಿಬಿಟ್ಟಿದ್ದೆ. ಪ್ಯಾಂಟಿನ ಜೇಬಿನಲ್ಲಿ ಸದಾ ಒಂದು ಸ್ಕ್ರೂಡ್ರೈವರ್ ಕಾಣುವ ಹಾಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ.

ಶೀನಣ್ಣ ಕಳಸದ ದಾರಿಯ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷ ಜೀಪು ಓಡಿಸಿದವರು. ಕಾಫಿ ಮೂಟೆ, ಆಳುಗಳು, ಹೆರಿಗೆ ನೋವಿನ ಹೆಂಗಸರು, ಎಲ್ಲವನ್ನೂ ಆ ತಿರುವುಗಳಲ್ಲಿ ಸಾಗಿಸಿದ ಮನುಷ್ಯ. ಸಂಸೆ ಕಡೆಯ ಏರಿನಲ್ಲಿ ಅವರ ಜೀಪಿನ ಗೇರು ಬೀಳುವ ಸದ್ದು ಕೇಳಿಯೇ "ಶೀನಣ್ಣ ಬಂದ್ರು" ಎನ್ನುತ್ತಿದ್ದರಂತೆ. ಹಾಗಿದ್ದವರಿಗೆ ಒಂದು ದಿನ ಸ್ಟ್ರೋಕ್ ಹೊಡೆಯಿತು. ಕಾಲು, ಮಾತು ಬೇಗ ಸರಿಹೋದವು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿತು. ಬೆರಳುಗಳಿಗೆ ಕೆಲಸ ಕೊಡಬೇಕೆಂದು ಡಾಕ್ಟರು ಹಿಸುಕಲು ರಬ್ಬರ್ ಚೆಂಡು ಕೊಟ್ಟರೆ, "ಚೆಂಡು ಕೊಟ್ರೆ ಆಡಕ್ಕೆ ನಾನೆಂಥ ನಾಯಿಮರಿಯಾ?" ಎಂದು ಎಸೆದರು.

ಆಗ ಎಸ್ಟೇಟಿನ ಸಾವ್ಕಾರ್ರು ತಮ್ಮ ಆಫೀಸಿಗೆ ಹೊಸ ಕಂಪ್ಯೂಟರ್ ತಂದು, ಹಳೆಯದನ್ನು ಶೀನಣ್ಣನ ಕ್ವಾರ್ಟರ್ಸಿಗೆ ಕಳಿಸಿದರು. ಅದರಲ್ಲಿ ಬೆಟ್ಟದ ರಸ್ತೆಯಲ್ಲಿ ಕಾರು ಓಡಿಸುವ ಒಂದು ಗೇಮ್ ಹಾಕಿಕೊಟ್ಟವನು ನಾನು. ಕೀಬೋರ್ಡಿನ ಬಲತುದಿಯ ನಾಲ್ಕು ಬಾಣದ ಕೀಲಿಗಳೇ ಸ್ಟೇರಿಂಗು, ಆಕ್ಸಿಲರೇಟರು, ಬ್ರೇಕು. ಬಲಗೈಯೇ ಬೇಕು.

ಅಯ್ಯೋ, ಅವರು ಆಡುವ ಚೆಂದ ನೋಡಬೇಕಿತ್ತು! ಅದು ರೇಸು. ಶೀನಣ್ಣನಿಗೆ ರೇಸಿನ ಸಮಾಚಾರವೇ ಬೇಡ. ತಿರುವಿನಲ್ಲಿ ಓವರ್‌ಟೇಕ್ ಮಾಡುವುದಿಲ್ಲ, ಹಿಂದಿನವನಿಗೆ ಸೈಡ್ ಕೊಡುತ್ತಾರೆ, ಹಾರನ್ ಇಲ್ಲವೆಂದು ಬಾಯಲ್ಲೇ 'ಪೋಂ' ಎನ್ನುತ್ತಾರೆ. ಎಲ್ಲರಿಗಿಂತ ಕೊನೆಗೆ ಊರು ಮುಟ್ಟಿ, "ಗಾಡಿಗೆ ಒಂದು ಗೀರು ಬಿದ್ದಿಲ್ಲ ನೋಡು" ಎಂದು ಬೀಗುತ್ತಾರೆ. ಅವರ ಹೆಂಡತಿ ಗಿರಿಜಕ್ಕ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, "ನಿಧಾನ್ರೀ, ಮುಂದೆ ತಿರುವು" ಎನ್ನುತ್ತ ಸ್ಟೂಲಿನ ಅಂಚು ಹಿಡಿದುಕೊಳ್ಳುತ್ತಿದ್ದರು. ಆರು ತಿಂಗಳಲ್ಲಿ ಆ ಕೈ ಏನೇನೋ ಕಲಿಯಿತು. ಮೊದಲು ಒಂದೇ ಬೆರಳು ಏಳುತ್ತಿತ್ತು, ಆಮೇಲೆ ಮೂರು. ಮೇ ತಿಂಗಳ ಹೊತ್ತಿಗೆ ಶೀನಣ್ಣ ಅಂಗಿಯ ಗುಂಡಿ ತಾವೇ ಹಾಕಿಕೊಂಡು, ಅರ್ಧ ಚೆಲ್ಲಿಕೊಂಡಾದರೂ ಬಲಗೈಯಲ್ಲೇ ಉಣ್ಣತೊಡಗಿದ್ದರು.

ಒಂದು ದಿನ ಅಂಗಡಿಗೆ ಬಂದು ಕೇಳಿದರು, "ಅಲ್ಲ ಮಾರಾಯ, ಈ ಗೇಮಿನ ಊರಲ್ಲಿ ಮಳೆನೇ ಬರಲ್ವನಾ? ಮಳೇಲಿ ಓಡಿಸ್ದೆ ಅದೆಂಥ ಡ್ರೈವಿಂಗು?"

ಮಳೆ, ಮಂಜು, ಓಡುವ ವೈಪರ್, ಎಲ್ಲ ಇರುವ ಹೊಸ ಗೇಮ್ ಬಂದಿತ್ತು. ಹಳೆಯ ಗ್ರಾಫಿಕ್ಸ್ ಕಾರ್ಡು ಅದನ್ನು ಎಳೆಯುತ್ತಿರಲಿಲ್ಲ. ಚಿತ್ರ ಬಿಡಿಸುವ ಕೆಲಸವೆಲ್ಲ ಆ ಕಾರ್ಡಿನದು. ದೊಡ್ಡ ಕಾರ್ಡು ತರಿಸಿ, ಜೂನ್ ಮೊದಲ ವಾರ ಅವರ ಮನೆಯಲ್ಲೇ ಹಾಕಿ, ಮೇಜಿನ ಮೇಲೆ ಓಡಿಸಿ ತೋರಿಸಿದೆ. ಗಾಜಿನ ಮೇಲೆ ಮಳೆಹನಿ ಬಿದ್ದು ವೈಪರ್ ಆಡಿದ್ದೇ ಶೀನಣ್ಣ ಚಪ್ಪಾಳೆ ತಟ್ಟಿದರು. ಎರಡು ಕೈಯೂ ಸೇರಿ ಸದ್ದು ಬಂತು. ಹೊರಡುವಾಗ ಜಂಬದಿಂದ ಗಿರಿಜಕ್ಕನಿಗೆ ಒಂದು ಮಾತು ಹೇಳಿದೆ: "ಅಕ್ಕಾ, ಮಳೆಗಾಲ ಬಂತು. ಶೀತ ತಾಗಿದ್ರೆ ಈ ಕಾರ್ಡು ಹಾಳಾಗ್ತದೆ. ಬೆಚ್ಚಗಿಡಿ."

ಹತ್ತು ದಿನಕ್ಕೆ ಫೋನ್ ಬಂತು. ಶೀನಣ್ಣನೇ. "ಶುರುವಲ್ಲಿ ಚೆನ್ನಾಗೇ ಓಡ್ತದೆ. ಹತ್ತು ನಿಮಿಷ ಆಗೋದೇ ತಡ, ಗಾಡಿ ತೆವಳಕ್ಕೆ ಶುರು ಮಾಡ್ತದೆ. ಎಡಕ್ಕೆ ಒತ್ತಿದ್ರೆ ಒಂದು ಗಳಿಗೆ ಬಿಟ್ಟು ತಿರುಗ್ತದೆ. ಅಷ್ಟರಲ್ಲಿ ಕಂದಕ."

ಎಸ್ಟೇಟ್ ಜೀಪಿನಲ್ಲಿ ಗೋಣಿಚೀಲ ಸುತ್ತಿಸಿಕೊಂಡು ಕಂಪ್ಯೂಟರ್ ನನ್ನ ಅಂಗಡಿಗೆ ಬಂತು. ಬಿಚ್ಚಿದೆ. ಕಾರ್ಡು ಕಿತ್ತು ಮತ್ತೆ ಕೂರಿಸಿದೆ, ಅದರ ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದೆ, ರ‍್ಯಾಮಿನ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದೆ. ಮೇಜಿನ ಮೇಲೆ ಒಂದು ಗಂಟೆ ಓಡಿಸಿದರೂ ಎಲ್ಲೂ ತಡೆಯಲಿಲ್ಲ. ಕಳಿಸಿದೆ. ಮನೆಗೆ ಹೋದರೆ ಮತ್ತೆ ಅದೇ ರಾಗ. ಎರಡನೇ ಸಲ ಪವರ್ ಸಪ್ಲೈ ಬದಲಿಸಿದೆ. ಮೂರನೇ ಸಲ ಶೀನಣ್ಣನೇ ಜೊತೆಗೆ ಬಂದರು. ಅವರ ಕಣ್ಣೆದುರು ಅರ್ಧ ಗಂಟೆ ನಾನೇ ಓಡಿಸಿದೆ, ನೀರು ಕುಡಿದ ಹಾಗೆ ಓಡಿತು. ಕೆಳಗೆ ಇನ್ನಿಬ್ಬರು ಗಿರಾಕಿಗಳು ಕಾಯುತ್ತಿದ್ದರು. ನನಗೋ, ನಾನು ಹಾಕಿದ ಕಾರ್ಡಿನ ಮೇಲೆ ಮೂರು ಸಲ ದೂರು ಬಂತಲ್ಲ ಎಂಬ ಉರಿ.

"ಶೀನಣ್ಣ, ಮಿಶನ್ ಸರಿಯಿದೆ. ನಿಮ್ಮ ಕೈಯೇ ಸ್ವಲ್ಪ ನಿಧಾನ ಆಗಿರ್ಬೇಕು" ಎಂದೆ.

ಅವರು ಮೇಜಿನ ಮೇಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅದನ್ನೇ ನೋಡುತ್ತ, "ಇರ್ಬೋದು" ಎಂದರು.

ಆಮೇಲೆ ಫೋನ್ ಬರಲಿಲ್ಲ. ನಿಜ ಹೇಳುತ್ತೇನೆ, ನನಗೆ ನಿರಾಳವೇ ಆಯಿತು. ಪೀಡೆ ತೊಲಗಿತು ಎಂದುಕೊಂಡೆ.

ಜುಲೈ ಕೊನೆಯಲ್ಲಿ ಒಂದು ಸಂತೆಯ ದಿನ ಗಿರಿಜಕ್ಕ ಮಹಡಿ ಹತ್ತಿ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. "ನಿಮ್ಮಣ್ಣ ಆಟ ಬಿಟ್ರು. ಕೈ ಎತ್ತೋದೇ ಬಿಟ್ರು. ಗುಂಡಿ ನಾನೇ ಹಾಕ್ಬೇಕು, ಊಟ ಎಡಗೈಲಿ. ಇನ್ನೊಂದು ಸ್ಟ್ರೋಕು ಬರ್ತಿದೆ, ಕಂಪ್ಯೂಟರ್ ಡಾಕ್ಟ್ರೇ ಕಂಡುಹಿಡಿದ್ರು ಅಂತಾರೆ" ಎಂದರು. "ಗೇಮ್ ರಿಪೇರಿ ಮಾಡು ಅಂತ ನಾನು ಬಂದಿಲ್ಲ ಮಾರಾಯ. ಮನೆಗೆ ಬಂದು, ಕೈ ಸರಿಯಿದೆ ಅಂತ ಒಂದು ಸುಳ್ಳಾದ್ರೂ ಹೇಳು."

ನನ್ನ ಜೇಬಿನ ಸ್ಕ್ರೂಡ್ರೈವರ್ ಆ ಹೊತ್ತಿಗೆ ಎಷ್ಟು ಭಾರವಾಯಿತೆಂದರೆ, ತೆಗೆದು ಡ್ರಾಯರಿಗೆ ಹಾಕಿದೆ. ಅಂಗಡಿ ಮುಚ್ಚಿ ಅವರ ಜೊತೆಯಲ್ಲೇ ಬಸ್ಸು ಹತ್ತಿದೆ.

ಶೀನಣ್ಣ ಕಿಟಕಿಯ ಪಕ್ಕ ಕೂತಿದ್ದರು. "ಬಾ" ಎಂದರು, ಅಷ್ಟೇ. ಮೇಜಿನ ಮೇಲೆ ಮಾನಿಟರು, ಕೀಬೋರ್ಡು ಇದ್ದವು. ಕಂಪ್ಯೂಟರಿನ ಡಬ್ಬ ಇರಲಿಲ್ಲ.

"ಅಕ್ಕಾ, ಸಿಪಿಯು ಎಲ್ಲಿ?"

"ಬೀರುವಲ್ಲಿದೆ."

ಮೇಜಿಗೆ ತಾಗಿಕೊಂಡಿದ್ದ ಮರದ ಬೀರುವಿನ ಬಾಗಿಲು ತೆರೆದರು. ಕೆಳಗಿನ ಖಾನೆಯಲ್ಲಿ ಆ ಡಬ್ಬ ಕೂತಿತ್ತು. ಪಕ್ಕದಲ್ಲಿ ನಲವತ್ತು ಕ್ಯಾಂಡಲ್ ಬಲ್ಬು, ನಾಲ್ಕು ಮೂಲೆಗೂ ನುಸಿಗುಳಿಗೆ, ಹಿಂದಿನ ಹಲಗೆಗೆ ತೂತು ಕೊರೆದು ಈಚೆ ತಂದ ವೈರುಗಳು. ಬೆಚ್ಚನೆಯ ಧೂಳಿನ, ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಗಿರಿಜಕ್ಕನ ರೇಷ್ಮೆ ಸೀರೆಗಳು ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. ಅವುಗಳ ಜಾಗವನ್ನು ಅವರು ಗಂಡನ ಗೇಮಿಗೆ ಬಿಟ್ಟುಕೊಟ್ಟಿದ್ದರು.

"ನೀನೇ ಹೇಳಿದ್ಯಲ್ಲ, ಬೆಚ್ಚಗಿಡಿ ಅಂತ" ಎಂದರು. "ನೀನು ಆಕಡೆ ಹೋದ್ಯೋ ಇಲ್ವೋ, ಅವತ್ತೇ ಇಟ್ಟೆ. ಆಡುವಾಗ್ಲೂ ಬಾಗಿಲು ತೆಗೆಯಲ್ಲ, ಶೀತ ಹೋಗಬಾರ್ದು ನೋಡು."

ಕಾರ್ಡು ಬಂದ ದಿನವೇ ಕಂಪ್ಯೂಟರ್ ಬೀರು ಸೇರಿತ್ತು. ನಾನು ಮೂರು ಸಲವೂ ಕಾರ್ಡನ್ನೇ ಶಂಕಿಸಿದೆ. ಮನೆಯಲ್ಲಿ ಇದನ್ನು ಎಲ್ಲಿಟ್ಟಿದ್ದೀರಿ ಎಂದು ಒಂದು ಮಾತು ಕೇಳಲಿಲ್ಲ. ದೊಡ್ಡ ಕಾರ್ಡು ತನ್ನದೇ ಬಿಸಿ ಕಾರುತ್ತದೆ. ಮುಚ್ಚಿದ ಬೀರು, ಮೇಲೆ ಬಲ್ಬಿನ ಕಾವು. ಒಳಗಿನ ಪ್ರೊಸೆಸರ್ ಸುಟ್ಟುಹೋಗಬಾರದೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಗಾಡಿ ತೆವಳುತ್ತದೆ. ನನ್ನ ಅಂಗಡಿಯ ತೆರೆದ ಮೇಜಿನ ಮೇಲೆ ಅದಕ್ಕೆ ಯಾವ ರೋಗವೂ ಇರಲಿಲ್ಲ.

ಬಾಯಲ್ಲಿ ಹೇಳಿದರೆ ಶೀನಣ್ಣ ನಂಬುತ್ತಾರೆಯೇ? ಗಿರಿಜಕ್ಕ ಹೇಳಿಕೊಟ್ಟ ಸುಳ್ಳು ಎಂದುಕೊಳ್ಳುತ್ತಾರೆ. ಅದಕ್ಕೇ ಬಾಗಿಲು ಮತ್ತೆ ಮುಚ್ಚಿ, ಬಲ್ಬನ್ನೂ ಹಾಗೇ ಬಿಟ್ಟು, ಕೀಬೋರ್ಡಿನ ಮುಂದೆ ನಾನೇ ಕೂತೆ. "ಶೀನಣ್ಣ, ಸ್ವಲ್ಪ ನನ್ನ ಡ್ರೈವಿಂಗ್ ನೋಡಿ" ಎಂದೆ. ಅವರು ಕಿಟಕಿಯಿಂದ ಅರ್ಧ ತಿರುಗಿದರು. ಐದು ನಿಮಿಷ ಸರಾಗ. ಎಂಟಕ್ಕೆ ತೊಡರಿತು. ಹತ್ತು ದಾಟುವಷ್ಟರಲ್ಲಿ ನಾನು ಎಡಕ್ಕೆ ಒತ್ತಿ, ಒತ್ತಿ, ಕಾರು ಅನಾಮತ್ತಾಗಿ ಕಂದಕಕ್ಕೆ ಬಿತ್ತು. ಮತ್ತೆ ಹೊರಟೆ, ಮತ್ತೆ ಬಿದ್ದೆ.

ಶೀನಣ್ಣ ಎದ್ದು ಬಂದು ನನ್ನ ಹಿಂದೆ ನಿಂತಿದ್ದರು. "ಹಂಗಾರೆ..." ಎಂದರು. "ನನ್ನ ಕೈ ಅಲ್ವಾ?"

"ಅಲ್ಲ ಶೀನಣ್ಣ. ನಿಮ್ಮ ಕೈ ಅಲ್ಲ. ನಂದು ತಪ್ಪು."

ಗಿರಿಜಕ್ಕ ಬಾಯಿಗೆ ಸೆರಗು ಒತ್ತಿಕೊಂಡು, "ಅಯ್ಯೋ ದೇವ್ರೇ, ನಾನೇ ಬೇಯಿಸ್ಬಿಟ್ನಾ?" ಎಂದರು. ನಾನು ಹೇಳಿದಂತೆ ನಡೆದುಕೊಂಡದ್ದು ಬಿಟ್ಟರೆ ಅವರು ಬೇರೇನೂ ಮಾಡಿರಲಿಲ್ಲ. ಅದನ್ನೂ ಹೇಳಿದೆ.

ಡಬ್ಬ ಹೊರಗೆಳೆದು ಮೇಜಿನ ಮೇಲಿಟ್ಟು, ಪಕ್ಕದ ಹಲಗೆ ಕಳಚಿ, ಅದು ಆರುವ ತನಕ ಕಾಫಿ ಕುಡಿದೆವು. ಆಮೇಲೆ ಶೀನಣ್ಣ ಕೂತರು. ಒಂದು ತಿಂಗಳು ಸುಮ್ಮನಿದ್ದ ಬೆರಳುಗಳು ಮೊದಲು ನಡುಗಿದವು. ಹತ್ತನೇ ನಿಮಿಷ ಬಂತು, ಗಿರಿಜಕ್ಕ ಸ್ಟೂಲಿನ ಅಂಚು ಹಿಡಿದರು. ಹದಿನೈದು ದಾಟಿತು. ಗೇಮಿನ ಘಾಟಿಯಲ್ಲಿ ಮಳೆ ಹೊಯ್ಯುತ್ತಿತ್ತು, ವೈಪರ್ ಆಡುತ್ತಿತ್ತು, ಶೀನಣ್ಣ ತಿರುವು ತಿರುವಿಗೂ 'ಪೋಂ' ಎನ್ನುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಊರು ಮುಟ್ಟಿದರು. ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ.

ಬಸ್ಸಿಗೆ ಹೊರಡುವಾಗ ಅಂಗಳದವರೆಗೆ ಬಂದು ಒಂದು ಮಾತು ಹೇಳಿದರು. ಬೈಗುಳವಲ್ಲ, ಮೆಲ್ಲಗೇ ಹೇಳಿದರು. "ಜೀಪು ಘಾಟಿ ಹತ್ತಲಿಲ್ಲ ಅಂದ್ರೆ ನಾವು ಮೊದ್ಲು ಬಾನೆಟ್ ಎತ್ತಿ ನೋಡ್ತೀವಿ ಮಾರಾಯ. ಡ್ರೈವರ್ ಕೈ ನೋಡಲ್ಲ."

ಆ ಮಾತನ್ನು ಎಂದೂ ಮರೆಯುವುದಿಲ್ಲ ಎಂದುಕೊಂಡಿದ್ದೆ. ಮರೆತಿದ್ದೇನೆಂದು ಗೊತ್ತಾಗಲು ಒಂದು ರೇಷ್ಮೆ ಸೀರೆಗೆ ಬೂಷ್ಟು ಹಿಡಿಯಬೇಕಾಯಿತು.

ಮನೆಗೆ ಬಂದು ಎಲ್‌ಇಡಿ ತೆಗೆದು ಹಳೆಯ ಬಲ್ಬು ಹಾಕಿದೆ. ಅಂಗೈ ಹತ್ತಿರ ಹಿಡಿದೆ, ಬಿಸಿ ತಾಗಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಮೂಗು ಸರಿಯಾಗೇ ಇದೆ ಕಣೆ ನಿಂದು. ನನ್ನದೇ ತಪ್ಪು" ಎಂದೆ.

"ಅದು ನಂಗೆ ಮೊದ್ಲೇ ಗೊತ್ತಿತ್ತು" ಎಂದು ಅವಳು ಸೀರೆ ಝಾಡಿಸತೊಡಗಿದಳು.

ಅವಳಿಗೆ ಗೊತ್ತಿತ್ತು. ಶೀನಣ್ಣನಿಗೆ ಗೊತ್ತಿರಲಿಲ್ಲ. ನಾನು ಹೇಳಿದ್ದನ್ನು ಅವರು ನಂಬಿದ್ದರು.